ಡಿಸ್ಕೊ ಆಲ್ಬಮ್ ಬಗ್ಗೆ ಬರೆದ ಶಿಷ್ಯೆಗೆ

ಪೆರ್ಲ
ಭಾನುವಾರ

ಪ್ರೀತಿಯ ಮಗಳೇ,

ನಿನ್ನ ಲೇಖನ ತಲುಪಿತು. ಓದಿದೆ. ಆಮೇಲೆ ಇಂಗ್ಲೆಂಡಿನ ಪಾಪ್ ಗಾಯಕಿ ದುವಾ ಲಿಪಾಳ ‘ಫ್ಯೂಚರ್ ನಾಸ್ಟಾಲ್ಜಿಯಾ’ ಅನ್ನುವ ಆ ಡಿಸ್ಕೊ ಆಲ್ಬಮ್ಮನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಮೊಮ್ಮಗ ತನ್ನ ಮೊಬೈಲಿನಲ್ಲಿ ಹಾಕಿಕೊಟ್ಟ. ಅಜ್ಜನಿಗೆ ಇದೆಲ್ಲ ಯಾಕೆ ಅಂತ ಅವನ ಮುಖದಲ್ಲಿತ್ತು. ಪಾಪ, ಬಾಯಿಬಿಟ್ಟು ಹೇಳಲಿಲ್ಲ.

ಪತ್ರಿಕೆಗೆ ಕಳಿಸಬಹುದಾ ಮಾಷ್ಟ್ರೇ ಅಂತ ಕೇಳಿದ್ದೀಯ. ಈಗಲೇ ಬೇಡ. ಭಾಷೆ ಚೆನ್ನಾಗಿದೆ, ತಪ್ಪುಗಳೂ ಕಡಿಮೆ. ಆದರೆ ನಿನಗೆ ಈ ಆಲ್ಬಮ್ ತುಂಬಾ ಇಷ್ಟ ಅಂತ ಗೊತ್ತಾಗುತ್ತದೆಯೇ ಹೊರತು, ನೀನು ಅದನ್ನು ಕೇಳಿದ್ದೀಯ ಅಂತ ಗೊತ್ತಾಗುವುದಿಲ್ಲ. ಸಿಟ್ಟು ಮಾಡಬೇಡ. ಯಾಕೆ ಹಾಗಂದೆ ಅಂತ ಹೇಳುತ್ತೇನೆ.

ಮೊದಲ ಪುಟ ಪೂರ್ತಿ ಪ್ರಶಸ್ತಿಗಳೇ. 2021ರಲ್ಲಿ ಇದಕ್ಕೆ ಅತ್ಯುತ್ತಮ ಪಾಪ್ ವೋಕಲ್ ಆಲ್ಬಮ್ ಅಂತ ಗ್ರ್ಯಾಮಿ ಬಂತು, ಸರಿ. ‘ಲೆವಿಟೇಟಿಂಗ್’ ಹಾಡು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ 2021ರ ಇಡೀ ವರ್ಷದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು, ಅದೂ ಸರಿ. ಇದನ್ನು ತಿಳಿಯಲು ಯಾರಿಗೂ ನೀನು ಬೇಕಾಗಿಲ್ಲ, ಮೊಬೈಲ್ ಸಾಕು. ಅದರ ಬೆನ್ನಿಗೇ ‘ಅದ್ಭುತ’, ‘ಮಾಂತ್ರಿಕ’, ‘ಜಗತ್ತನ್ನೇ ಕುಣಿಸಿದ’ ಅಂತ ಸಾಲುಸಾಲು. ಈ ಮಾತುಗಳನ್ನು ಯಾವ ಹಾಡಿಗೆ ಅಂಟಿಸಿದರೂ ಅಂಟುತ್ತವೆ. ಹಾಗಾಗಿಯೇ ಇವು ಯಾವ ಹಾಡಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಮೂರನೇ ಪುಟದಲ್ಲಿ ಒಂದು ಸಾಲನ್ನು ಕಂಸದೊಳಗೆ ಬಚ್ಚಿಟ್ಟಿದ್ದೀಯ. “ಬಸ್ಸು ಚೆರ್ಕಳಕ್ಕೆ ಬರುವಾಗ ‘ಲವ್ ಅಗೇನ್’ ಬರ್ತದೆ, ಆ ಟ್ರಂಪೆಟ್ ಕೇಳಿದ್ರೆ ನಂಗೆ ಯಾವಾಗಲೂ ಅಳು ಬರ್ತದೆ.” ಅಲ್ಲ ಮಾರಾಯ್ತಿ, ಇದನ್ನು ಯಾರಾದರೂ ಕಂಸದೊಳಗೆ ಹಾಕುತ್ತಾರಾ? ನಿನ್ನ ಲೇಖನ ಶುರುವಾಗಬೇಕಾದದ್ದೇ ಅಲ್ಲಿ.

ಲೆಕ್ಕವೂ ಸರಿಯಾಗಿ ಕೂರುತ್ತದೆ ನೋಡು. ಆಲ್ಬಮ್ಮಿನಲ್ಲಿ 11 ಹಾಡು, ಒಟ್ಟು ಸುಮಾರು 37 ನಿಮಿಷ. ಬದಿಯಡ್ಕದಿಂದ ಕಾಸರಗೋಡಿಗೆ ನಿನ್ನ ಬಸ್ಸಿಗೆ ಬೇಕಾಗುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಬದಿಯಡ್ಕದಲ್ಲಿ ಹತ್ತಿ ಮೊದಲ ಹಾಡು ಹಾಕಿದರೆ ಎಂಟನೆಯದ್ದು ಬರುವಾಗ ಎಡನೀರು ದಾಟಿರುತ್ತದೆ. ಅಂದರೆ ಈ ಆಲ್ಬಮ್ಮಿನ ಒಂದೊಂದು ಹಾಡಿಗೂ ನಿನ್ನ ಕಿವಿಯಲ್ಲಿ ಒಂದೊಂದು ಊರಿದೆ. ಲಂಡನ್ನಿನ ವಿಮರ್ಶಕನಿಗೆ ಇದು ಸಿಗುವುದಿಲ್ಲ. ನನಗೂ ಸಿಗುವುದಿಲ್ಲ.

ಇನ್ನು ಆ ಟ್ರಂಪೆಟ್. ‘ವೈಟ್ ಟೌನ್ ಹಾಡಿನ ಸ್ಯಾಂಪಲ್’, ಅಂದರೆ ಬೇರೆ ಹಾಡಿನಿಂದ ಎತ್ತಿಕೊಂಡ ತುಣುಕು, ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ಅಲ್ಲೇ ನಿಲ್ಲಬೇಕಿತ್ತು. ಆ ಟ್ರಂಪೆಟ್ ಮೊದಲು ಕೇಳಿಸಿದ್ದು 1932ರಲ್ಲಿ. ಲಂಡನ್ನಿನಲ್ಲಿ ಲ್ಯೂ ಸ್ಟೋನ್ ಅನ್ನುವವರ ಬ್ಯಾಂಡು ‘ಮೈ ವುಮನ್’ ಅಂತ ಒಂದು ಹಾಡು ರೆಕಾರ್ಡ್ ಮಾಡಿತು. ಅಲ್ ಬೋಲಿ ಅನ್ನುವ ಗಾಯಕ ಹಾಡಿದ. ಆಮೇಲೆ ಜ್ಯೋತಿ ಪ್ರಕಾಶ್ ಮಿಶ್ರಾ ಬಂದರು. ಅವರು ಹುಟ್ಟಿದ್ದು ಒಡಿಶಾದ ರೂರ್ಕೆಲಾದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಡರ್ಬಿ ಅನ್ನುವ ಊರಿನ ತಮ್ಮ ಮನೆಯಲ್ಲೇ ಕೂತು, ಆ ಹಳೆ ಟ್ರಂಪೆಟ್ಟಿನ ತುಣುಕು ಇಟ್ಟುಕೊಂಡು ‘ಯುವರ್ ವುಮನ್’ ಮಾಡಿದರು. ವೈಟ್ ಟೌನ್ ಅಂದರೆ ಅವರೇ. 1997ರ ಜನವರಿಯಲ್ಲಿ ಅದು ಬ್ರಿಟನ್ನಿನಲ್ಲಿ ನಂಬರ್ ಒನ್. 2020ರಲ್ಲಿ ಅದೇ ತುಣುಕು ‘ಲವ್ ಅಗೇನ್’ ಒಳಗೆ ಬಂತು. ಸುಮಾರು ಎಂಬತ್ತೆಂಟು ವರ್ಷ ಸುತ್ತಾಡಿದ ಟ್ರಂಪೆಟ್ ಅದು. ಮಧ್ಯದಲ್ಲಿ ರೂರ್ಕೆಲಾದ ಒಬ್ಬ ಮನುಷ್ಯನ ಕೈ ಹಾದುಬಂದಿದೆ.

ಆದರೆ ಇಷ್ಟು ವಿಷಯ ಕೊಟ್ಟರೂ ನಿನಗೆ ಅಳು ಬಂದದ್ದು ಯಾಕೆ ಅಂತ ಓದುವವನಿಗೆ ಸಿಗುವುದಿಲ್ಲ. ಅದನ್ನು ನೀನೇ ಹುಡುಕಬೇಕು. ಹಾಡನ್ನು ನಿಲ್ಲಿಸಿ ನಿಲ್ಲಿಸಿ ಕೇಳು. ಮೊದಲಿಗೆ ಪಿಟೀಲಿನ ದನಿಗಳು ನಿಧಾನಕ್ಕೆ ಏಳುತ್ತವೆ. ಬೀಟ್ ಆಮೇಲೆ ಬರುತ್ತದೆ. ಅವಳು ಹಾಡುತ್ತಿರುವುದು ಮತ್ತೆ ಪ್ರೀತಿ ಹುಟ್ಟಿದ ಸುದ್ದಿ. ಅಂದರೆ ಸಂತೋಷದ ಸುದ್ದಿ. ಟ್ರಂಪೆಟ್ ಮಾತ್ರ ಆ ಸುದ್ದಿಯನ್ನು ಪೂರ್ತಿ ನಂಬುವುದಿಲ್ಲ. ನನಗೆ ಕೇಳಿಸಿದ್ದು ಹೀಗೆ. ಕಾಲು ಕುಣಿಯಲು ಹೊರಟಿದೆ, ಯಾರೋ ಹಿಂದಿನಿಂದ ಅಂಗಿ ಹಿಡಿದಿದ್ದಾರೆ. ನಿನಗೆ ಬೇರೆಯೇ ಕೇಳಿಸಿರಬಹುದು. ಅದನ್ನು ಬರಿ. ಅರ್ಧ ಪುಟ ಹೋದರೂ ಪರವಾಗಿಲ್ಲ, ಒಂದು ಪುಟ ಹೋದರೂ ಪರವಾಗಿಲ್ಲ.

‘ಬೀಟ್ ಸೂಪರ್’ ಅಂತ ಆಗಾಗ ಬರೆದಿದ್ದೀಯ. ಏನು ಸೂಪರ್? ಡಿಸ್ಕೊದ ಮೂಲ ಬಹಳ ಸರಳ. ನಾಲ್ಕು ಎಣಿಕೆಗೆ ನಾಲ್ಕೂ ಸಲ ದೊಡ್ಡ ಡ್ರಮ್ಮಿನ ಪೆಟ್ಟು ಬೀಳುತ್ತದೆ. ನಡುನಡುವೆ ತಾಳದಂಥ ಸದ್ದು. ಇವೆರಡರ ಸಂದಿಯಲ್ಲಿ ಬೇಸ್ ಗಿಟಾರು ಓಡಾಡುತ್ತದೆ. ‘ಡೋಂಟ್ ಸ್ಟಾರ್ಟ್ ನೌ’ ಹಾಡನ್ನು ಹಿಡಿದು ನಿಲ್ಲಿಸಿರುವುದು ಆ ಬೇಸ್. ಅವಳ ದನಿ ಅಲ್ಲ ಅಂತ ನಾನು ಹೇಳುತ್ತೇನೆ, ನೀನು ಜಗಳಕ್ಕೆ ಬಾ ಬೇಕಾದರೆ. ‘ಎಲ್ಲ ಹಾಡುಗಳೂ ಒಂದೇ ವೇಗದಲ್ಲಿ ಎಳೆದೊಯ್ಯುತ್ತವೆ’ ಅಂದಿದ್ದೀಯಲ್ಲ, ಅದು ಸರಿಯಲ್ಲ. ಗಡಿಯಾರ ಇಟ್ಟುಕೊಂಡು ಎಣಿಸು. ‘ಡೋಂಟ್ ಸ್ಟಾರ್ಟ್ ನೌ’ ನಿಮಿಷಕ್ಕೆ 124 ಪೆಟ್ಟು. ‘ಲೆವಿಟೇಟಿಂಗ್’ ಬರೀ 103. ಎಲ್ಲರನ್ನೂ ಕುಣಿಸಿದ ಹಾಡು ಇಷ್ಟು ನಿಧಾನ ಯಾಕೆ? ಚಪ್ಪಾಳೆ ಎಲ್ಲಿ ಬೀಳುತ್ತದೆ ಕೇಳು, ಸ್ವಲ್ಪ ಅಂದಾಜಾಗುತ್ತದೆ. ‘ಪ್ರಿಟಿ ಪ್ಲೀಸ್’ ಬಂದಾಗ ಹೆಚ್ಚಿನದನ್ನೆಲ್ಲ ಖಾಲಿ ಮಾಡಿ ಬೇಸ್ ಮತ್ತು ದನಿಯನ್ನೇ ಮುಂದೆ ಇಟ್ಟಿದ್ದಾರೆ. ಆ ಹಾಡಿನ ಹೆಸರೇ ನಿನ್ನ ಲೇಖನದಲ್ಲಿಲ್ಲ.

ಒಂದು ಪ್ಯಾರಾ ಪೂರ್ತಿ ಹೊಡೆದುಹಾಕಿದ್ದೇನೆ. ಚೆಂಡೆ, ತೆಯ್ಯಂ, ಡಿಸ್ಕೊ ಎಲ್ಲದರ ಆತ್ಮ ಒಂದೇ ಅನ್ನುವ ಪ್ಯಾರಾ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವಳು ನೀನು, ಚೆಂಡೆ ಕೇಳುತ್ತಾ ಬೆಳೆದವಳು. ಆ ಕಿವಿ ನಿನಗೆ ತಾಳ ಎಣಿಸಲು ಸಹಾಯ ಮಾಡಲಿ, ಸಾಕು. ಊರಿನ ಹೆಸರು ಹೇಳಲೇಬೇಕು ಅಂತ ಚೆಂಡೆಯನ್ನು ಎಳೆದುತಂದರೆ ಚೆಂಡೆಗೂ ಮರ್ಯಾದೆ ಇಲ್ಲ, ಡಿಸ್ಕೊಗೂ ಇಲ್ಲ. ಚೆರ್ಕಳದ ಬಸ್ಸಿನಲ್ಲಿ ನಮ್ಮೂರು ತಾನಾಗಿ ಬಂದಿದೆಯಲ್ಲ, ಅದೇ ನಿಜವಾದದ್ದು.

ನಮ್ಮೂರು ಇನ್ನೊಂದು ಕಡೆಯಲ್ಲೂ ಬರಬೇಕಿತ್ತು, ಬರಲಿಲ್ಲ. ಇದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಆಲ್ಬಮ್ ಬಂದದ್ದು 2020ರ ಮಾರ್ಚ್ 27ರಂದು. ಏಪ್ರಿಲ್ 3ಕ್ಕೆ ಬರಬೇಕಿತ್ತು, ಹಾಡುಗಳು ಮೊದಲೇ ಸೋರಿಹೋದವು ಅಂತ ಒಂದು ವಾರ ಹಿಂದೆ ತಂದರು. ನಮ್ಮ ದೇಶದಲ್ಲಿ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಜಗತ್ತಿನಲ್ಲಿ ಕುಣಿಯುವ ಜಾಗಗಳೆಲ್ಲ ಬಾಗಿಲು ಹಾಕಿದ ವಾರದಲ್ಲಿ ಕುಣಿತದ ಆಲ್ಬಮ್ ಬಂತು. ಕಾಸರಗೋಡಿನ ಹೆಸರು ದಿನಾ ಟಿವಿಯಲ್ಲಿ. ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಕಡೆಯವರು ಜೀವ ಬಿಟ್ಟ ದಿನಗಳು ಅವು. ನಿನ್ನ ಹತ್ತನೇ ಕ್ಲಾಸಿನ ಪರೀಕ್ಷೆ ಅರ್ಧಕ್ಕೇ ನಿಂತಿತ್ತು. ಆಗ ನೀನು, ನಿನ್ನ ಅಕ್ಕ ಒಂದೇ ಇಯರ್‌ಫೋನಿನ ಎರಡು ತುದಿ ಕಿವಿಗೆ ಸಿಕ್ಕಿಸಿಕೊಂಡು, ರಾತ್ರಿ, ಅಡಿಕೆ ಹರಡಿದ ಅಂಗಳದ ಮೂಲೆಯಲ್ಲಿ ಕುಣಿದಿದ್ದು, ಅಡಿಕೆ ಕಾಲಡಿಗೆ ಸಿಕ್ಕಿ ಅಕ್ಕ ದೊಪ್ಪನೆ ಬಿದ್ದಿದ್ದು, ನಿಮ್ಮ ಅಪ್ಪ ಟಾರ್ಚ್ ಹಿಡಿದು ಹೊರಗೆ ಬಂದಿದ್ದು, ಇದನ್ನೆಲ್ಲ ಫೋನಿನಲ್ಲಿ ನನಗೆ ಹೇಳಿ ನಗಿಸಿದವಳು ನೀನೇ. ಲೇಖನದಲ್ಲಿ ಒಂದಕ್ಷರ ಇಲ್ಲ!

ಅಂಥ ಹೊತ್ತಲ್ಲಿ ಕುಣಿದೆವು ಅಂತ ಬರೆದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಹೆದರಿಕೆ ಇರಬಹುದು. ಡಿಸ್ಕೊ ಹುಟ್ಟಿದ್ದು ಎಲ್ಲಿ ಅಂತ ನೋಡು. 1970ರ ದಶಕದ ಶುರುವಿನಲ್ಲಿ, ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ. ಕುಣಿಯುತ್ತಿದ್ದವರು ಹೆಚ್ಚಾಗಿ ಕರಿಯರು, ಲ್ಯಾಟಿನೋಗಳು, ಸಲಿಂಗಿಗಳು. ಹಗಲಿನಲ್ಲಿ ಊರಿಗೆ ಬೇಡವಾದವರು. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಸಿದರು, ಜನ ಮೈದಾನಕ್ಕೆ ನುಗ್ಗಿ ಸಂಭ್ರಮಿಸಿದರು. ಕಷ್ಟ ಇಲ್ಲದವರ ಸಂಗೀತ ಅಲ್ಲ ಇದು. ಮಣ್ಣು ಸುರಿದ ರಸ್ತೆಯನ್ನೂ ಅಂಗಳದ ಕುಣಿತವನ್ನೂ ಒಂದೇ ಪುಟದಲ್ಲಿಡು. ಎರಡನ್ನೂ ಸೇರಿಸಲು ಉಪದೇಶದ ಸಾಲು ಹಾಕಬೇಡ. ಪಕ್ಕಪಕ್ಕ ಇಟ್ಟು ಸುಮ್ನೆ ಇರು.

ಹನ್ನೊಂದೂ ಹಾಡು ಚಿನ್ನ ಅಂತ ಬರೆದಿದ್ದೀಯ. ಅಭಿಮಾನಿ ಹಾಗೆ ಹೇಳಬಹುದು, ಬರೆಯುವವಳು ಹೇಳಬಾರದು. ಕೊನೆಯ ‘ಬಾಯ್ಸ್ ವಿಲ್ ಬಿ ಬಾಯ್ಸ್’ ನನಗೆ ಮದುವೆ ಊಟದಲ್ಲಿ ಪಾಯಸ ಆದ ಮೇಲೆ ಯಾರೋ ಎದ್ದು ಭಾಷಣ ಮಾಡಿದ ಹಾಗೆ ಅನ್ನಿಸಿತು. ಮಕ್ಕಳ ದನಿಗಳೆಲ್ಲ ಸೇರಿಸಿ, ಬೀಟ್ ಬಿಟ್ಟು, ಹೇಳಲಿಕ್ಕಿದ್ದನ್ನು ನೇರ ಹೇಳಿಬಿಟ್ಟಿದ್ದಾಳೆ. ಹೇಳಿದ್ದು ನಿಜವೇ. ಕತ್ತಲಾಗುವ ಮೊದಲು ಮನೆ ಸೇರಬೇಕಾದ, ಕೀಲಿಕೈಯನ್ನು ಬೆರಳುಗಳ ನಡುವೆ ಬಿಗಿಹಿಡಿದು ನಡೆಯುವ ಹುಡುಗಿಯರ ಮಾತು ಅದು. ಸಂಜೆಯ ಕೊನೆ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯುವವಳು ನೀನು, ನಾನಲ್ಲ. ಬಹುಶಃ ನಿನಗೆ ಅದೇ ಹಾಡು ಎಲ್ಲಕ್ಕಿಂತ ಹತ್ತಿರವಾಗಿರಬಹುದು. ಹಾಗಿದ್ದರೆ ಮುದುಕರಿಗೆ ಇದು ಅರ್ಥ ಆಗುವುದಿಲ್ಲ ಅಂತಲೇ ಬರಿ. ಇಲ್ಲದಿದ್ದರೆ ಹಾಡು ಸಪ್ಪೆ ಅಂತ ಬರಿ. ಎರಡರಲ್ಲಿ ಒಂದು.

ಇಂಗ್ಲಿಷ್ ಡಿಸ್ಕೊ ಬಗ್ಗೆ ಕನ್ನಡದಲ್ಲಿ ಬರೆದರೆ ಯಾರು ಓದ್ತಾರೆ ಅಂತ ಕೊನೆಯಲ್ಲಿ ಕೇಳಿದ್ದೀಯ. ಡಿಸ್ಕೊ ಇಲ್ಲಿಗೆ ಹೊಸದಾ? ‘ಆಪ್ ಜೈಸಾ ಕೋಯಿ’ ಬಂದದ್ದು 1980ರಲ್ಲಿ, ‘ಡಿಸ್ಕೊ ದಿವಾನೆ’ 1981ರಲ್ಲಿ. ಹಾಡಿದ್ದು ನಾಜಿಯಾ ಹಸನ್, ಆಗಿನ್ನೂ ಹದಿನೈದು ಹದಿನಾರರ ಹುಡುಗಿ. ಸಂಗೀತ ಬಿದ್ದು ಅವರದ್ದು. ಬೆಂಗಳೂರಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ! 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡು ಮಾಡಿ ಬ್ರಿಟನ್ ಅಮೆರಿಕ ಎರಡನ್ನೂ ಕುಣಿಸಿದವರು ಅವರೇ. ಆ ಕಾಲದಲ್ಲಿ ಗಲ್ಫಿನಿಂದ ರಜೆಗೆ ಬಂದವರ ಜೊತೆ ದೊಡ್ಡ ಟೇಪ್ ರೆಕಾರ್ಡರ್ ಬರುತ್ತಿತ್ತು. ಉಪ್ಪಳ, ಕುಂಬಳೆ ಕಡೆ ಮನೆಗಳ ಚಾವಡಿಯಲ್ಲಿ ಅದನ್ನು ಇಟ್ಟು ರಸ್ತೆಗೆ ಕೇಳುವ ಹಾಗೆ ಹಾಕುತ್ತಿದ್ದರು. ನಾಜಿಯಾಳ ದನಿ ನಾನು ಮೊದಲು ಕೇಳಿದ್ದು ಹಾಗೆ, ಸೈಕಲ್ಲಿನಿಂದ ಇಳಿದು, ಬೇರೆಯವರ ಮನೆಯ ಗೇಟಿನ ಹೊರಗೆ. ನಮ್ಮೂರಿನ ಹುಡುಗರು ಆ ಹಾಡಿಗೆ ಪ್ಯಾಂಟಿನ ಕಾಲು ಅಗಲ ಮಾಡಿಸಿದ್ದು, ಮದುವೆ ಮನೆಯಲ್ಲಿ ಹಿರಿಯರು ಬೈದದ್ದು, ಯಾವುದನ್ನೂ ಯಾರೂ ಕನ್ನಡದಲ್ಲಿ ಬರೆದಿಡಲಿಲ್ಲ. ಬರೆದಿದ್ದರೆ ಇವತ್ತು ನಾನು ಹುಡುಕಿಕೊಂಡು ಓದುತ್ತಿದ್ದೆ. ಕಡಿಮೆಯೆಂದರೆ ಒಬ್ಬ ಓದುಗ ಇದ್ದಾನೆ ಅಂತ ಲೆಕ್ಕ ಇಟ್ಟುಕೋ.

ದುವಾ ಲಿಪಾಳ ಜೀವನದ ಭಾಗವನ್ನು ಚಿಕ್ಕದು ಮಾಡು. ಕೊಸೊವೊದ ಅಲ್ಬೇನಿಯನ್ ತಂದೆತಾಯಿಗೆ 1995ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು, ಹನ್ನೊಂದಕ್ಕೆ ಪ್ರಿಸ್ಟಿನಾಕ್ಕೆ ಹೋದಳು, ಹದಿನೈದಕ್ಕೆ ಒಬ್ಬಳೇ ಲಂಡನ್ನಿಗೆ ವಾಪಸ್ ಬಂದಳು. ಇಷ್ಟು ಸಾಕು. ಮನೆಯಲ್ಲಿ ಒಂದು ಭಾಷೆ, ಬಸ್ಸಿನಲ್ಲಿ ಒಂದು, ಆಫೀಸಿನಲ್ಲಿ ಇನ್ನೊಂದು ಅಂತ ಬದುಕುವ ನಮಗೆ ಅದರಲ್ಲಿ ನಮ್ಮದೇನೋ ಕಾಣುತ್ತದೆ, ನಿಜ. ಆದರೆ ಈ ಆಲ್ಬಮ್ಮಿನಲ್ಲಿ ಅವಳು ಅದನ್ನು ಹಾಡುತ್ತಿಲ್ಲ. ಹಾಡದೆ ಇದ್ದದ್ದನ್ನು ಕೇಳಿಸಿಕೊಂಡೆ ಅನ್ನಬೇಡ.

ಹೊಡೆದುಹಾಕಿದ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕೆಂಪು ಶಾಯಿ ಜಾಸ್ತಿ ಆಗಿದೆ, ಮೇಷ್ಟರ ಹಳೇ ಚಟ. ಚೆರ್ಕಳದಿಂದ ಶುರುಮಾಡಿ ಹೊಸದಾಗಿ ಬರಿ. ಹಳೆಯದನ್ನು ತಿದ್ದಲು ಹೋಗಬೇಡ. ಅವಸರ ಇಲ್ಲ, ಮಳೆಗಾಲದ ರಜೆಯೊಳಗೆ ಕಳಿಸಿದರಾಯಿತು. ಅಂಗಳದ ಕಥೆ ಹಾಕುವ ಮೊದಲು ಅಕ್ಕನಿಗೆ ಒಂದು ಮಾತು ಕೇಳು. ಬಿದ್ದವಳು ಅವಳು, ಊರೆಲ್ಲ ಓದಲಿ ಅಂತ ಅವಳೇನೂ ಬಿದ್ದದ್ದಲ್ಲ.

ನಿನ್ನ,
ಪೆರ್ಲದ ಮಾಷ್ಟ್ರು