ಷಷ್ಠಿಯವರೆಗೂ ಮರಿಗಳು ಬೆಳ್ಳಿಯ ಹತ್ತಿರವೇ ಇರಲಿ

ಶೆಫೀಲ್ಡ್, ಇಂಗ್ಲೆಂಡ್
ನವೆಂಬರ್ 2

ತೀರ್ಥರೂಪ ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನನ್ನ ತಮ್ಮ ಪುಟ್ಟನಿಗೆ ಆಶೀರ್ವಾದ.

ನಾವಿಬ್ಬರೂ ಇಲ್ಲಿ ಕ್ಷೇಮ. ಚಳಿ ಹತ್ತಿದೆ, ಸಂಜೆ ಐದಕ್ಕೆಲ್ಲ ಕತ್ತಲು. ದಿನಾ ಫೋನಿನಲ್ಲಿ ಮಾತಾಡುತ್ತೀವಲ್ಲ, ಕಾಗದ ಯಾಕೆ ಅಂತ ಅಮ್ಮ ಕೇಳಬಹುದು. ಫೋನ್ ಹಿಡಿದರೆ ಪುಟ್ಟ ನಮ್ಮ ನಾಯಿ ಬೆಳ್ಳಿಯ ಮರಿಗಳನ್ನು ತೋರಿಸುವುದರಲ್ಲೇ ಹೊತ್ತು ಹೋಗುತ್ತದೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಬರೆದು ಕಳಿಸಿದರೆ ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತಾರೆ.

ಆರು ಮರಿಗಳಲ್ಲಿ ನಾಲ್ಕಕ್ಕೆ ಆಗಲೇ ಜನ ಹೇಳಿಟ್ಟಿದ್ದಾರೆ, ಬರುವ ಭಾನುವಾರ ಇಬ್ಬರು ಬಂದು ಒಯ್ಯುತ್ತಾರೆ ಅಂತ ಪುಟ್ಟ ನಿನ್ನೆ ಹೇಳಿದ. ಅಪ್ಪ, ದಯವಿಟ್ಟು ಈ ಭಾನುವಾರ ಯಾರಿಗೂ ಕೊಡಬೇಡಿ. ವಿಜಯದಶಮಿಯ ದಿನ ಹುಟ್ಟಿದ ಮರಿಗಳು. ಸುಬ್ಬರಾಯನ ಷಷ್ಠಿ ಹೊತ್ತಿಗೆ ಎಂಟು ವಾರ ತುಂಬುತ್ತದೆ. ಕಡಲೆಕಾಯಿ ಪರಿಷೆ ಮುಗಿಯಲಿ, ಷಷ್ಠಿಯೂ ಆಗಲಿ, ಆಮೇಲೆ ಒಂದೊಂದೇ ಹೊರಡಲಿ. ಅಲ್ಲಿಯವರೆಗೆ ಬೆಳ್ಳಿಯ ಹತ್ತಿರವೇ ಇರಬೇಕು.

'ಚಿಕ್ಕದಿದ್ದಾಗಲೇ ತಂದರೆ ಬೇಗ ಹೊಂದಿಕೊಳ್ಳುತ್ತೆ' ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ, ಗೊತ್ತು. ಆದರೆ ಶುಕ್ರವಾರ ವಿಡಿಯೋದಲ್ಲಿ ನೀವೇ ತೋರಿಸಿದಿರಲ್ಲ, ಕೆಂಪು ಉಲ್ಲನ್ ದಾರದವನು ಬಿಳಿ ಕಾಲಿನವಳ ಕಿವಿ ಕಚ್ಚಿ ಎಳೆಯುತ್ತಿದ್ದ. ಅವಳು ಕುಂಯ್ ಅಂದಳು, ಅವನು ಬಿಟ್ಟ. ಮತ್ತೆ ಹಿಡಿದ, ಈ ಸಲ ಮೆಲ್ಲಗೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಮರಿಗಳು ಒಂದರಿಂದ ಒಂದು ಕಲಿಯುವುದು ಹೀಗೆಯೇ, ಮೂರನೇ ವಾರದಿಂದ ಎಂಟನೇ ವಾರದೊಳಗೆ. ಮಿತಿ ಮೀರಿದರೆ ಬೆಳ್ಳಿ ಗುರ್ ಅಂದು ಮೂತಿಯಲ್ಲಿ ಒತ್ತುತ್ತಾಳೆ, ಅದೂ ಪಾಠವೇ. ತಿಂಗಳಿಗೇ ಬಿಡಿಸಿದ ಮರಿಗೆ ಇದನ್ನು ಕಲಿಸುವವರು ಯಾರು? ಆರು ತಿಂಗಳಾದ ಮೇಲೆ ಮಗುವಿನ ಕೈ ಕಚ್ಚಿದರೆ 'ಜಾತಿನೇ ಹಂಗೆ' ಅನ್ನುತ್ತಾರೆ, ಬೀದಿಗೆ ಬಿಡುತ್ತಾರೆ.

ಕಾನೂನೂ ಇದನ್ನೇ ಹೇಳುತ್ತದೆ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಾವು ಮಾರುತ್ತಿಲ್ಲ, ನಿಜ. ಆದರೂ ಎಂಟು ವಾರ ಅನ್ನುವುದು ಮರಿಯ ಒಳ್ಳೆಯದಕ್ಕೇ ಇರುವ ಲೆಕ್ಕ. ಬರುವವರಿಗೆ ಹೇಳಲು ಸಂಕೋಚವಾದರೆ ಕಾನೂನಿನ ಹೆಸರು ಹೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.

ದೀಪಾವಳಿಯಲ್ಲಿ ಅಮ್ಮ ಮಾಡಿದ ಕೆಲಸ ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ಹುಟ್ಟುವಾಗ ಮರಿಗಳ ಕಣ್ಣೂ ಮುಚ್ಚಿರುತ್ತದೆ, ಕಿವಿಯೂ ಮುಚ್ಚಿರುತ್ತದೆ. ಕಣ್ಣು ಹತ್ತು ಹದಿನಾಲ್ಕು ದಿನಕ್ಕೆ ಬಿಟ್ಟರೆ ಕಿವಿ ಇನ್ನೂ ಸ್ವಲ್ಪ ತಡ. ಅವು ಮೊದಲ ಸಲ ಸರಿಯಾಗಿ ಸದ್ದು ಕೇಳುವ ಹೊತ್ತಿಗೇ ನರಕ ಚತುರ್ದಶಿ ಬಂತು. ಅಮ್ಮ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಗಳನ್ನು ಸರಿಸಿ, ಹಳೇ ರಗ್ಗು ಹಾಸಿ, ಕಿಟಕಿಗೆ ಹೊದಿಕೆ ಕಟ್ಟಿ, ಮೂರು ರಾತ್ರಿ ರೇಡಿಯೋ ಹಚ್ಚಿಟ್ಟು ಕೂತಳು. ಇಂಥ ಆರೈಕೆಯಲ್ಲಿ ಬೆಳೆದ ಮರಿಗಳನ್ನು ಮೊದಲು ಕೇಳಿದವರಿಗೆ ಮೊದಲು ಅಂತ ಕೊಡಲು ನನಗೆ ಮನಸ್ಸಿಲ್ಲ. ಇಲ್ಲಿ ನವೆಂಬರ್ 5ಕ್ಕೆ ಊರೆಲ್ಲ ಪಟಾಕಿ. ನಮ್ಮ ಬೀದಿಯ ನಾಯಿಗಳು ಸೋಫಾ ಕೆಳಗೆ ಸೇರುವ ದಿನ.

ಇದೇ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರು ಅಜ್ಜಿ ಲ್ಯಾಬ್ರಡಾರ್ ಸಾಕಿದ್ದಾರೆ. ಹೋದ ವರ್ಷ ಮರಿ ಹಾಕಿದಾಗ ನಾನು ದಿನಾ ಹೋಗಿ ಬರುತ್ತಿದ್ದೆ. ಮರಿ ಬೇಕು ಅಂದವರು ಎರಡು ಸಲವಾದರೂ ಬರಬೇಕು, ಮನೆಯವರೆಲ್ಲ ಬರಬೇಕು. ಟೀ ಕೊಟ್ಟು ಕೂರಿಸಿ, ಮಕ್ಕಳು ಮರಿಯನ್ನು ಹೇಗೆ ಎತ್ತುತ್ತಾರೆ ಅಂತ ಅಜ್ಜಿ ಸುಮ್ಮನೆ ನೋಡುತ್ತಿದ್ದರು. ತಾಯಿ ನಾಯಿಯನ್ನು ಅವರೆದುರಿಗೇ ಬಿಡುತ್ತಿದ್ದರು. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ 'ಲೂಸಿ ಕಾನೂನು' ಜಾರಿಯಲ್ಲಿದೆ. ಮರಿ ಮಾಡಿಸುವ ಕೊಟ್ಟಿಗೆಯೊಂದರಿಂದ 2013ರಲ್ಲಿ ಬಿಡಿಸಿ ತಂದ ಲೂಸಿ ಅನ್ನುವ ನಾಯಿಯ ಹೆಸರಿನದು. ಆರು ತಿಂಗಳೊಳಗಿನ ನಾಯಿಮರಿ, ಬೆಕ್ಕಿನಮರಿಗಳನ್ನು ಅಂಗಡಿಯವರಾಗಲಿ ದಲ್ಲಾಳಿಗಳಾಗಲಿ ಮಾರುವಂತಿಲ್ಲ. ಕೊಳ್ಳುವವರು ಹುಟ್ಟಿದ ಮನೆಗೇ ಹೋಗಿ ತಾಯಿಯ ಜೊತೆ ನೋಡಿ ತರಬೇಕು, ಇಲ್ಲವೇ ಆಶ್ರಯ ಕೇಂದ್ರದಿಂದ ತರಬೇಕು.

ಅದಕ್ಕೇ, ಆರೂ ಮರಿಗಳನ್ನು ಒಟ್ಟಿಗೆ ಒಯ್ಯುತ್ತೇನೆ, ಕೈಗೆ ದುಡ್ಡು ಕೊಡುತ್ತೇನೆ ಅಂದ ಆ ಮನುಷ್ಯನನ್ನು ಮತ್ತೆ ಗೇಟಿನೊಳಗೆ ಬಿಡಬೇಡಿ. ಅವನಿಂದ ಮರಿ ಯಾರ ಕೈಗೆ ಹೋಗುತ್ತದೆ ಅಂತ ನಮಗೆ ಯಾವತ್ತೂ ತಿಳಿಯುವುದಿಲ್ಲ. ಹೆಣ್ಣು ಮರಿಗಳನ್ನಂತೂ ವರ್ಷಕ್ಕೆರಡು ಸಲ ಮರಿ ಹಾಕಿಸಲಿಕ್ಕೇ ಒಯ್ಯುವವರು ಇದ್ದಾರೆ.

ಇನ್ನು ಕೇಳಿದವರ ವಿಷಯ. ಅಪ್ಪನ ಆಫೀಸಿನ ಹಳೇ ಸ್ನೇಹಿತರು ಕನಕಪುರ ರಸ್ತೆಯ ತೋಟಕ್ಕೆ ಎರಡು ಗಂಡು ಬೇಕು ಅಂದಿದ್ದಾರಂತೆ. ತೋಟ ದೊಡ್ಡದು, ಓಡಲು ಜಾಗ ಇದೆ, ಎಲ್ಲ ಸರಿ. ಆದರೆ ಅವರು ಅಲ್ಲಿಗೆ ಹೋಗುವುದು ತಿಂಗಳಿಗೊಮ್ಮೆ. ಉಳಿದ ದಿನ ವಾಚ್‌ಮನ್ ಒಬ್ಬನೇ, ನಾಯಿ ಸರಪಳಿಯಲ್ಲಿ. ಮುಧೋಳದ ನಾಯಿ ಸೇನೆಗೆ ಸೇರಿತು ಅಂತ ಪೇಪರಿನಲ್ಲಿ ಓದಿದ ಮೇಲೆ ಎಲ್ಲರಿಗೂ ಅದು ಕಾವಲಿಗೆ ಬೇಕು. ಅಪ್ಪನಿಗೆ ನಾನು ಹೇಳಬೇಕೆ? 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಸ್ಟಾಂಪ್ ತಂದಾಗ ಕೊಂಡು ಆಲ್ಬಮ್ಮಿನಲ್ಲಿ ಅಂಟಿಸಿದವರು ನೀವು. ಮುಧೋಳದ ಹತ್ತಿರ ತಿಮ್ಮಾಪುರದ ನಾಯಿ ತಳಿ ಕೇಂದ್ರಕ್ಕೆ ಹೋಗಿ ಬೆಳ್ಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವರೂ ನೀವೇ. ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಓಡುವ ಬೇಟೆ ನಾಯಿ ಅದು. ಕಟ್ಟಿಹಾಕಿದರೆ ಕೊರಗುತ್ತದೆ. ಮನೆಯವರನ್ನು ಹಚ್ಚಿಕೊಂಡರೆ ಅವರನ್ನು ಬಿಟ್ಟಿರುವುದಿಲ್ಲ. ಬೆಳ್ಳಿ ನಿಮ್ಮ ಚಪ್ಪಲಿ ಸದ್ದಿಗೆ ಏಳುವುದನ್ನು ನಾವು ನೋಡಿಲ್ಲವೇ? ಸ್ನೇಹಿತರಿಗೆ ಇಲ್ಲ ಅನ್ನಲು ಕಷ್ಟ, ಆದರೂ ಇಲ್ಲ ಅನ್ನಿ.

ವೈಟ್‌ಫೀಲ್ಡಿನ ಗಂಡ ಹೆಂಡತಿಯನ್ನು ಫ್ಲ್ಯಾಟಿನವರು ಅಂತ ತಳ್ಳಿಹಾಕಬೇಡಿ. ಅಸೋಸಿಯೇಷನ್ನಿನವರು ನಾಯಿ ಸಾಕಬೇಡಿ ಅನ್ನುವಂತಿಲ್ಲ, ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಇದೆ. ಆದರೆ ಬಾಡಿಗೆ ಮನೆಯಾದರೆ ಓನರ್ ಒಪ್ಪಿದ್ದಾರಾ ಅಂತ ಕೇಳಿ, ಮನೆ ಬದಲಾಯಿಸುವಾಗ 'ಅಲ್ಲಿ ಬಿಡಲ್ಲ' ಅಂತ ನಾಯಿಯನ್ನು ಬಿಟ್ಟು ಹೋದವರು ನಮ್ಮ ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಬೆಳಿಗ್ಗೆ ಸಂಜೆ ಓಡಿಸುವವರು ಯಾರು, ಇಬ್ಬರೂ ಆಫೀಸಿಗೆ ಹೋದ ದಿನ ಮನೆಯಲ್ಲಿ ಯಾರು, ಬಾಲ್ಕನಿಗೆ ಗ್ರಿಲ್ ಇದೆಯಾ ಅಂತಲೂ ಕೇಳಿ. ಉತ್ತರ ಸರಿ ಬಂದರೆ ಕೊಡಿ. ಚಿಕ್ಕಮ್ಮನ ಮನೆಗೆ ಮಾತ್ರ ಈಗ ಬೇಡ. ಅವರ ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಕೇಳುತ್ತಿರುವುದು ಅವನೊಬ್ಬನೇ, ಚಿಕ್ಕಮ್ಮನಿಗೆ ನಾಯಿ ಕಂಡರೆ ಆಗುವುದಿಲ್ಲ.

ನನಗೆ ಎಲ್ಲರಿಗಿಂತ ಹಿಡಿಸಿದವಳು ಉತ್ತರಹಳ್ಳಿಯಿಂದ ಹೂ ತರುವ ಅಕ್ಕ. ಅಮ್ಮ, ನೀನು ಅದನ್ನು ನಗುತ್ತಾ ಹೇಳಿಬಿಟ್ಟೆ. ಮಲ್ಲಿಗೆ ಮೊಳ ಹಾಕುತ್ತಾ 'ಒಂದು ಹೆಣ್ಣು ಮರಿ ನಮಗೆ ಕೊಡ್ರಮ್ಮ' ಅಂದಳಂತೆ. ನಾಲ್ಕು ಹೆಣ್ಣು ಮರಿಗಳಿದ್ದೂ ಹೆಣ್ಣೇ ಬೇಕು ಅಂತ ಬಾಯಿಬಿಟ್ಟು ಕೇಳಿದವಳು ಅವಳೊಬ್ಬಳೇ. ಮನೆ ಚಿಕ್ಕದು, ಶೀಟಿನ ಮನೆ. ಆದರೆ ಅತ್ತೆ ಇಡೀ ದಿನ ಮನೆಯಲ್ಲಿರುತ್ತಾರೆ, ಹಿಂದೆ ಹಸು ಕಟ್ಟುವ ಜಾಗ ಇದೆ, ಹಿಂದಿನ ನಾಯಿ ಹದಿಮೂರು ವರ್ಷ ಬದುಕಿ ಅವರ ಹಿತ್ತಲಲ್ಲೇ ಮಣ್ಣಾಯಿತು ಅಂತ ನೀನೇ ಹೇಳಿದೆ. ಬರುವವರನ್ನೆಲ್ಲ ನಾನು ಕೇಳಬೇಕು ಅನ್ನುವ ಮೊದಲ ಪ್ರಶ್ನೆ ಇದೇ: ನೀವು ಹಿಂದೆ ಸಾಕಿದ ನಾಯಿ ಏನಾಯಿತು? 'ಯಾರಿಗೋ ಕೊಟ್ವಿ', 'ಎಲ್ಲೋ ತಪ್ಪಿಸಿಕೊಂಡು ಹೋಯಿತು' ಅಂದರೆ ಅಲ್ಲಿಗೇ ಮಾತು ಮುಗಿಸಿ. ಹೆಸರು ಹೇಳಿ, ಫೋಟೋ ತೋರಿಸಿ, ಕೊನೆಗಾಲದಲ್ಲಿ ಯಾವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು ಅಂತ ಹೇಳುವವರಿಗೆ ಕಣ್ಣು ಮುಚ್ಚಿ ಕೊಡಬಹುದು. ಅಕ್ಕನ ಮನೆಗೆ ಒಂದು ಮರಿ ಹೋಗಲೇಬೇಕು. ಇಂಜೆಕ್ಷನ್ ಖರ್ಚು ನಾನು ಕೊಡುತ್ತೇನೆ, ಅವಳಿಗೆ ಭಾರವಾಗುವುದು ಬೇಡ.

ಹಿಂದೆ ಸಾಕಿದ ನಾಯಿ ಪಾರ್ವೊ ಅನ್ನುವ ಅಂಟುರೋಗದಿಂದ ಸತ್ತಿದ್ದರೆ ಯಾವಾಗ ಅಂತಲೂ ಎಲ್ಲರನ್ನೂ ಕೇಳಬೇಕು. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇಂಜೆಕ್ಷನ್ ಪೂರ್ತಿಯಾಗದ ಮರಿ ಅಲ್ಲಿ ಕಾಲಿಟ್ಟರೆ ನಾಲ್ಕೈದು ದಿನದಲ್ಲೇ ವಾಂತಿ, ರಕ್ತಭೇದಿ ಶುರುವಾಗಬಹುದು. ಜಂತುಹುಳದ ಔಷಧಿ ಎರಡು ವಾರಕ್ಕೊಮ್ಮೆ ಹಾಕಿಸುತ್ತಿದ್ದೀರಿ, ಬಿಡಬೇಡಿ. ಡಿಸ್ಟೆಂಪರ್, ಪಾರ್ವೊಗಳಿಗೆ ಮೊದಲ ಇಂಜೆಕ್ಷನ್ ಆರರಿಂದ ಎಂಟು ವಾರದೊಳಗೆ, ಅಂದರೆ ನಮ್ಮ ಮನೆಯಲ್ಲೇ ಆಗಿಬಿಡಲಿ. ತಾಯಿಹಾಲಿನಿಂದ ಬಂದ ಶಕ್ತಿ ಮೈಯಲ್ಲಿ ಇರುವಷ್ಟು ದಿನ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ, ಅದು ಯಾವ ಮರಿಗೆ ಯಾವಾಗ ಇಳಿಯುತ್ತದೆ ಅಂತ ಹೇಳಲಾಗದು, ಅದಕ್ಕೇ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಕೊಡುವುದು. ಮೂರು ತಿಂಗಳಿಗೆ ರೇಬೀಸಿನದು. ಪುಟ್ಟ, ಪ್ರತಿ ಮರಿಗೂ ಬೇರೆ ಕಾರ್ಡ್ ಮಾಡಿಸಿ, ಮುಂದಿನ ತಾರೀಕುಗಳನ್ನು ನೀನೇ ಬರೆದು ಕೊಡು. ಮೈಕ್ರೋಚಿಪ್ ಹಾಕಿಸುವುದಾದರೆ ಡಾಕ್ಟರನ್ನು ಕೇಳು. ಅಕ್ಕಿಕಾಳಿನಷ್ಟು ಚಿಕ್ಕದು, ಕಳೆದುಹೋದ ನಾಯಿ ಯಾರದ್ದು ಅಂತ ತಿಳಿಯುತ್ತದೆ.

ಅಪ್ಪ ಒಂದು ಕೆಲಸ ಮಾಡಬೇಕು. ಕೊಡುವ ಮೊದಲು ಅವರ ಮನೆಗೆ ಹೋಗಿ ಬನ್ನಿ. ಗೇಟಿನ ಸಂದಿನಲ್ಲಿ ಮರಿ ನುಸುಳಬಹುದೇ, ಕಾಂಪೌಂಡ್ ಎಷ್ಟು ಎತ್ತರ (ಬೆಳ್ಳಿ ನಮ್ಮ ತೊಳೆಯುವ ಕಲ್ಲಿನ ಮೇಲಿಂದ ಪಕ್ಕದ ಮನೆಗೆ ಹಾರಿದ್ದು ನೆನಪಿದೆಯಲ್ಲ), ಟೆರೇಸಿಗೆ ಗೋಡೆ ಇದೆಯೇ, ರಾತ್ರಿ ಎಲ್ಲಿ ಮಲಗಿಸುತ್ತಾರೆ. ಪಕ್ಕದಲ್ಲಿ ಕೋಳಿ, ಬೆಕ್ಕು ಸಾಕಿದ್ದರೆ ಅದೂ ನೋಡಿ. ಆಮೇಲೆ ಒಂದೇ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ: ಯಾವ ಕಾರಣಕ್ಕಾದರೂ ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ, ಬಿಡದೆ, ನಮಗೇ ವಾಪಸ್ ತಂದುಕೊಡುತ್ತೇವೆ. ವಯಸ್ಸಿಗೆ ಬಂದಾಗ ಡಾಕ್ಟರು ಹೇಳಿದ ಸಮಯಕ್ಕೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುತ್ತೇವೆ ಅಂತಲೂ ಸೇರಿಸಿ. 'ನಾಯಿಮರಿಗೂ ಅಗ್ರಿಮೆಂಟಾ' ಅಂತ ಕೇಳುವವರು ಕೇಳಲಿ. ಸಹಿ ಹಾಕದವರಿಗೆ ಮರಿ ಇಲ್ಲ.

ಬೆಳ್ಳಿಗೂ ಇದೇ ಮೊದಲ ಹೆರಿಗೆ, ಇದೇ ಕೊನೆಯದಾಗಲಿ ಅಪ್ಪ. ಹಾಲು ಬತ್ತಿ, ಮೈ ಹಿಡಿದ ಮೇಲೆ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲೋ ನಮ್ಮ ಡಾಕ್ಟರ ಹತ್ತಿರವೋ ಆಪರೇಷನ್ ಮಾಡಿಸಿ. ಜಾತಿ ಉಳಿಸಬೇಕು ಅನ್ನುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಅದಕ್ಕೆ ಮುಧೋಳದ ಕಡೆ ಬಯಲಿದೆ, ಅದನ್ನೇ ಕೆಲಸ ಮಾಡಿಕೊಂಡ ಜನರಿದ್ದಾರೆ. ಬೆಂಗಳೂರಿನಲ್ಲಿ ಆರು ಮನೆ ಹುಡುಕುವುದೇ ಇಷ್ಟು ಕಷ್ಟ.

ಬಿಳಿ ಕಾಲಿನವಳು ನಮ್ಮಲ್ಲೇ ಇರಲಿ ಅಂತ ಅಮ್ಮನ ಆಸೆ. ನನಗೂ ಅವಳನ್ನು ಕಂಡರೆ ಜೀವ. ಆದರೆ ಹತ್ತು ಹನ್ನೆರಡು ವರ್ಷದ ಜವಾಬ್ದಾರಿ ಅದು. ಅಪ್ಪನ ಮಂಡಿ ನೋವು ಹೀಗಿರುವಾಗ ಎರಡು ಬೇಟೆ ನಾಯಿಗಳನ್ನು ಹಿಡಿದು ನಡೆಸುವುದು ಆಗುವ ಮಾತಲ್ಲ. ಬೆಳಗಿನ ಜಾವ ಎದ್ದು ಓಡಿಸುತ್ತೇನೆ, ಕೆಲಸ ಬದಲಾದರೂ ಮದುವೆಯಾದರೂ ಅವಳು ನನ್ನವಳು ಅಂತ ಪುಟ್ಟ ಹೇಳಿದರೆ ಇಟ್ಟುಕೊಳ್ಳಿ. ಅವನೂ ಆ ಹಾಳೆಗೆ ಸಹಿ ಹಾಕಲಿ. ಇಲ್ಲದಿದ್ದರೆ ಅವಳಿಗೂ ಮನೆ ಹುಡುಕೋಣ.

ಕಳಿಸುವ ದಿನ ಬೆಳ್ಳಿ ಮಲಗುವ ರಗ್ಗಿನಿಂದ ಒಂದೊಂದು ತುಂಡು ಕತ್ತರಿಸಿ ಜೊತೆಗೆ ಕೊಡು ಅಮ್ಮ, ವಾಸನೆ ಗುರುತಿದ್ದರೆ ರಾತ್ರಿ ಅಳುವುದು ಕಡಿಮೆ. ನೀನು ಈಗ ಹಾಕುತ್ತಿರುವ ಊಟವನ್ನೇ ಮೊದಲ ವಾರ ಮುಂದುವರಿಸಲು ಹೇಳು, ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆ ಕೆಡುತ್ತದೆ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಕೊಡಬಾರದು ಅಂತ ಒತ್ತಿ ಹೇಳು. ಒಂದೇ ದಿನ ಎಲ್ಲವನ್ನೂ ಕಳಿಸಬೇಡಿ, ಬೆಳ್ಳಿಗೆ ಕಷ್ಟವಾಗುತ್ತದೆ.

ಖರ್ಚಿಗೆ ಪುಟ್ಟನ ಅಕೌಂಟಿಗೆ ದುಡ್ಡು ಹಾಕಿದ್ದೇನೆ. ಭಾನುವಾರ ಬರುವ ಇಬ್ಬರಿಗೂ ನಾಳೆಯೇ ಫೋನ್ ಮಾಡಿ ಷಷ್ಠಿ ಕಳೆದ ಮೇಲೆ ಬನ್ನಿ ಅಂತ ಹೇಳಿಬಿಡಿ. ಹೂವಿನ ಅಕ್ಕನಿಗೆ ಅಮ್ಮ ನಾಳೆ ಬೆಳಿಗ್ಗೆಯೇ ಮಾತು ಕೊಡಲಿ, ಯಾವ ಮರಿ ಅನ್ನುವುದನ್ನು ಅವಳೇ ಬಂದು ಆರಿಸಲಿ.

ಇಂತಿ ನಿಮ್ಮ ಪ್ರೀತಿಯ ಮಗಳು