ಕಾರ್ಟೂನ್ ಅಂಚೆಚೀಟಿ ಮಕ್ಕಳಾಟವಲ್ಲ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಒಂದು ಅಂಚೆಚೀಟಿ ಪ್ರದರ್ಶನಕ್ಕೆ ನನ್ನ ಮಲೇಷ್ಯಾ ಸಂಗ್ರಹ ಒಯ್ದಿದ್ದೆ. ಸೊಂಗ್ಕೆಟ್ ಜರಿ ಬಟ್ಟೆ, ವಾವ್ ಗಾಳಿಪಟದ ಚೀಟಿಗಳಿಗೆ ‘ಪರಂಪರೆ’ ವಿಭಾಗದಲ್ಲಿ ಜಾಗ ಸಿಕ್ಕಿತು. ಅಲ್ಲಿನ ಕಾರ್ಟೂನಿಸ್ಟ್ ಲಾಟ್ ಅವರ ಚಿತ್ರಗಳಿರುವ ಚೀಟಿಗಳ ಹಾಳೆಯನ್ನು ಮಾತ್ರ ಪ್ರದರ್ಶನ ನಡೆಸುವವರು ಪಕ್ಕಕ್ಕೆ ತೆಗೆದು, ‘ಇದು ಮಕ್ಕಳ ವಿಭಾಗಕ್ಕೆ ಹೋಗಲಿ’ ಅಂದರು. ಆವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಲಾಟ್ ಅವರ ನಿಜ ಹೆಸರು ಮೊಹಮ್ಮದ್ ನೂರ್ ಖಾಲಿದ್. ಹುಟ್ಟಿದ್ದು 1951ರಲ್ಲಿ, ಮಲೇಷ್ಯಾದ ಪೆರಾಕ್ ರಾಜ್ಯದ ಹಳ್ಳಿಯಲ್ಲಿ. ಮಲಯ್ ಭಾಷೆಯಲ್ಲಿ ‘ಬುಲಾಟ್’ ಅಂದರೆ ದುಂಡಗೆ. ದುಂಡು ಮುಖದ ಹುಡುಗನಿಗೆ ಇಟ್ಟ ಆ ಅಡ್ಡಹೆಸರು ಮೊಟಕಾಗಿ ಲಾಟ್ ಆಯಿತು. ನಮ್ಮಲ್ಲಿ ‘ಗುಂಡ’ ಅಂತ ಕರೀತೀವಲ್ಲ, ಹಾಗೇ.

ಮಲಯ್ ಹುಡುಗರ ಸುನ್ನತಿ ಶಾಸ್ತ್ರದ ಬಗ್ಗೆ ಬರೆದ ಕಾರ್ಟೂನ್ 1974ರಲ್ಲಿ ಅವರಿಗೆ ದೊಡ್ಡ ಪತ್ರಿಕೆಯ ಬಾಗಿಲು ತೆರೆಯಿತು. 1979ರಲ್ಲಿ ಬಂದ ‘ದಿ ಕಂಪೊಂಗ್ ಬಾಯ್’ ಅವರದೇ ಬಾಲ್ಯದ ಕಥೆ. ಕಂಪೊಂಗ್ ಅಂದರೆ ಹಳ್ಳಿ. ಕುರಾನ್ ಕಲಿಯಲು ಹೋಗುವುದು, ಗೆಳೆಯರ ಜೊತೆ ಹೊಳೆಗೆ ಬೀಳುವುದು, ಸುನ್ನತಿಗೆ ಮುಂಚಿನ ಮೆರವಣಿಗೆ, ಹೊಳೆಯ ಸ್ನಾನ, ಆಮೇಲೆ ಹುಡುಗನ ಹೊಟ್ಟೆಯಲ್ಲಿ ಏಳುವ ಭಯ, ಎಲ್ಲ ಅದರಲ್ಲಿದೆ. ಹಳ್ಳಿಯ ಪಕ್ಕದಲ್ಲೇ ತವರದ ಗಣಿಯ ದೊಡ್ಡ ಯಂತ್ರ ನೆಲ ಅಗೆಯುತ್ತಿರುತ್ತದೆ. ಅಂಥ ಬದುಕು ಈಗ ಅಲ್ಲಿ ಜಾಸ್ತಿ ಉಳಿದಿಲ್ಲ. ಅದನ್ನು ಹಿಡಿದಿಟ್ಟ ಗೆರೆಗೆ ಪರಂಪರೆ ಅನ್ನದೆ ಇನ್ನೇನು ಅನ್ನಬೇಕು?

ನನ್ನ ಹತ್ತಿರ ಇರುವುದು ಬಳಸಿದ ಚೀಟಿಗಳು. ಲಕೋಟೆಯ ಮೂಲೆ ಕತ್ತರಿಸಿ, ತಟ್ಟೆ ನೀರಲ್ಲಿ ನೆನೆಸಿ, ಅಂಟು ಬಿಟ್ಟ ಮೇಲೆ ಹಳೆ ಪೇಪರಿನ ಮೇಲೆ ಒಣಗಿಸಿದ್ದು. ಒಂದರ ಮೇಲೆ ಅಂಚೆ ಮುದ್ರೆ ಅರ್ಧಕ್ಕೇ ಬಿದ್ದಿದೆ. ಭೂತಗನ್ನಡಿ ಹಿಡಿದರೆ ಲಾಟ್ ಅವರ ಗೆರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಎರಡು ಬೆರಳಗಲದ ಕಾಗದ. ಅದನ್ನು ಯಾರೋ ನಾಲಿಗೆಗೋ ಒದ್ದೆ ಸ್ಪಂಜಿಗೋ ತಾಗಿಸಿ, ಮನೆಯವರಿಗೆ ಬರೆದ ಕಾಗದಕ್ಕೆ ಅಂಟಿಸಿದ್ದಾರೆ. ಅರಮನೆಯ ಚಿತ್ರಕ್ಕಿಂತ ಇದು ನನಗೆ ಹತ್ತಿರ.

ಇನ್ನೊಂದು ಮಾತು. ಲಾಟ್ ಬರೆದದ್ದು ಬರೀ ಮಲಯ್ ಜನರನ್ನಲ್ಲ. ಅವರ ಚಿತ್ರಗಳಲ್ಲಿ ಚೀನೀಯರು, ತಮಿಳರು, ಸಿಖ್ಖರು ಎಲ್ಲರೂ ಓಡಾಡುತ್ತಾರೆ. ತನ್ನ ಹಳ್ಳಿಯನ್ನು ಪ್ರೀತಿಯಿಂದ ಬರೆದವರಿಗೆ ಪಕ್ಕದ ಮನೆಯವರೂ ಕಾಣಿಸುತ್ತಾರೆ.

ನಮಗೂ ಇದು ಹೊಸದಲ್ಲ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ 1988ರಲ್ಲಿ ನಮ್ಮ ಅಂಚೆಚೀಟಿಯ ಮೇಲೆ ಬಂದ. ಪಂಚೆ, ಚೌಕಳಿ ಕೋಟು, ಕನ್ನಡಕ. ಆ ಚೀಟಿಯನ್ನು ಯಾರೂ ಮಕ್ಕಳ ವಿಭಾಗಕ್ಕೆ ಕಳಿಸುವುದಿಲ್ಲ ಅಲ್ವಾ? ಅವನಲ್ಲಿ ನಾವು ನಮ್ಮನ್ನು ಕಂಡ ಹಾಗೆ, ಲಾಟ್ ಚಿತ್ರದ ಹುಡುಗನಲ್ಲಿ ಮಲಯ್ ಜನ ತಮ್ಮನ್ನು ಕಾಣುತ್ತಾರೆ.

ಪ್ರದರ್ಶನ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕಾರ್ಟೂನ್ ಅಂತ ಸುಮ್ನೆ ಬದಿಗೆ ಸರಿಸಬೇಡಿ, ಚಿತ್ರದಲ್ಲಿ ಏನಿದೆ ಅಂತ ಒಮ್ಮೆ ನೋಡಿ ವಿಭಾಗ ಗೊತ್ತುಮಾಡಿ. ಮುಂದಿನ ವರ್ಷವೂ ಅದೇ ಹಾಳೆ ತರುತ್ತೇನೆ. ಅರ್ಜಿಯಲ್ಲಿ ‘ಪರಂಪರೆ’ ಅಂತಲೇ ಬರೆಯುತ್ತೇನೆ.

ಇಂತಿ,
ಒಬ್ಬ ಅಂಚೆಚೀಟಿ ಸಂಗ್ರಾಹಕ, ಮೈಸೂರು