ಮಂಗ, ಸಿಂಗಳೀಕ ಅಣ್ಣತಮ್ಮಂದಿರಲ್ಲ ಅಪ್ಪ

ಗೊಟ್ಟಿಂಗೆನ್, ಜರ್ಮನಿ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಆರಾಮಾಗಿದ್ದೇನೆ. ಚಳಿ ಶುರುವಾಗಿದೆ, ಅಷ್ಟೇ.

ಅಪ್ಪ, ಭಾನುವಾರ ನೀವು ಕೇಳಿದ್ದು ತಲೆಯಲ್ಲೇ ಉಳಿದಿದೆ. ತೋಟಕ್ಕೆ ಬರುವ ಮಂಗ, ಘಟ್ಟದ ಕಾಡಿನ ಸಿಂಗಳೀಕ, ಎರಡೂ ಒಂದೇ ಊರಿನವು, ಅಣ್ಣತಮ್ಮಂದಿರೇ ಅಲ್ವಾ ಅಂದಿರಿ. ಅಷ್ಟರಲ್ಲಿ ಲೈನು ಕಟ್ಟಾಯಿತು.

ಅಣ್ಣತಮ್ಮಂದಿರಲ್ಲ, ದಾಯಾದಿಗಳು. ಎರಡೂ ಮಕಾಕ್ ಕುಲದವೇ. ಆದರೆ ನಮ್ಮ ಮಂಗನ ತೀರಾ ಹತ್ತಿರದ ನೆಂಟ ಇರುವುದು ಶ್ರೀಲಂಕಾದಲ್ಲಿ. ಅದರ ತಲೆಯ ಮೇಲೂ ಟೋಪಿ ಇಟ್ಟ ಹಾಗೆ ಕೂದಲು. ಸಿಂಗಳೀಕದ ನೆಂಟರು ಈಶಾನ್ಯ ಭಾರತದ ಕಾಡಿನಿಂದ ಹಿಡಿದು ಇಂಡೋನೇಷ್ಯಾದ ಸುಲಾವೆಸಿ ದ್ವೀಪದವರೆಗೆ ಇದ್ದಾರೆ. ನಮ್ಮ ಘಟ್ಟಕ್ಕೂ ಅವರಲ್ಲಿ ಹತ್ತಿರದವರಿಗೂ ನಡುವೆ ಸುಮಾರು 2,000 ಕಿಲೋಮೀಟರ್. ಆ ನಡುವೆ ಎಲ್ಲೂ ಆ ಮನೆತನದ ಇನ್ನೊಬ್ಬರಿಲ್ಲ. ನನಗೆ ಸಿಂಗಳೀಕ ಅಂದರೆ ಜೀವ, ಅದಕ್ಕೇ.

ಮೈಬಣ್ಣ ನೋಡಿ ನೆಂಟಸ್ತಿಕೆ ಹೇಳಲು ಆಗುವುದಿಲ್ಲ. ಕೊಡಗಿನ ಕರಿ ಮುಸಿಯ ಇದೆಯಲ್ಲ, ಅದನ್ನು ಬಹಳ ಕಾಲ ಆಗ್ನೇಯ ಏಷ್ಯಾದ ಎಲೆಮಂಗಗಳ ಪಂಕ್ತಿಯಲ್ಲಿ ಕೂರಿಸಿದ್ದರು. ಡಿಎನ್‌ಎ ನೋಡಿದ ಮೇಲೆ ಅದು ನಮ್ಮ ಬೂದು ಮುಸಿಯದ ಮನೆಯದೇ ಎಂದು ಗೊತ್ತಾಯಿತು.

ಮುಸಿಯಕ್ಕೂ ಮಂಗಕ್ಕೂ ಇರುವ ವ್ಯತ್ಯಾಸ ನಿಮಗೇ ಗೊತ್ತು, ಎಷ್ಟು ಬಾಳೆಗೊನೆ ಹೋಗಿಲ್ಲ! ಮಂಗ ಕೆನ್ನೆ ಉಬ್ಬುವಷ್ಟು ತುರುಕಿಕೊಂಡು ಓಡುತ್ತದೆ. ಮುಸಿಯಕ್ಕೆ ಕೆನ್ನೆಚೀಲ ಇಲ್ಲ. ಬದಲಿಗೆ ಆಕಳ ಹಾಗೆ ಹಲವು ಕೋಣೆಯ ಹೊಟ್ಟೆ, ಎಲೆ ಕರಗಿಸಲು. ಏಷ್ಯಾ, ಆಫ್ರಿಕಾದ ಮಂಗಗಳೆಲ್ಲ ಹೀಗೇ ಎರಡು ಕವಲು.

ಅಮ್ಮ, ನಾನು ತುಮಕೂರಿನಲ್ಲಿ ಓದುವಾಗ ದೇವರಾಯನದುರ್ಗದಲ್ಲಿ ಕಾಡುಪಾಪ ನೋಡಿದ್ದೆ, ನೆನಪಿದೆಯಾ? ರಾತ್ರಿ ಓಡಾಡುವ ಆ ಪುಟ್ಟ ಪ್ರಾಣಿಯೂ ಮಂಗಗಳ ದೂರದ ನೆಂಟನೇ. ಬ್ಯಾಟರಿ ಬೆಳಕಿಗೆ ಕಣ್ಣು ಕೆಂಡದ ಹಾಗೆ ಹೊಳೆದಿತ್ತು. ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇದೆ. ಮೂಗು ನಾಯಿಯ ಮೂಗಿನ ಹಾಗೆ ಒದ್ದೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾದಲ್ಲಿ ಟಾರ್ಸಿಯರ್ ಅಂತ ಇನ್ನೊಂದು ಪುಟ್ಟ ಪ್ರಾಣಿ ಇದೆ. ಅದಕ್ಕೂ ದೊಡ್ಡ ಕಣ್ಣು, ಅದೂ ರಾತ್ರಿಯದೇ. ಹಾಗಾಗಿ ಎರಡನ್ನೂ ಒಂದೇ ಗುಂಪಿಗೆ ಹಾಕಿದ್ದರು. 1918ರಲ್ಲಿ ಪೋಕಾಕ್ ಎಂಬ ವಿಜ್ಞಾನಿ ಮೂಗು ನೋಡಿ ಬೇರೆ ಮಾಡಿದರು. ಟಾರ್ಸಿಯರ್ ಮೂಗು ಒಣ, ನಮ್ಮ ಹಾಗೆ. ಕಣ್ಣಲ್ಲಿ ಆ ಕನ್ನಡಿಯೂ ಇಲ್ಲ. ಮುಂದೆ ಇನ್ನೊಂದು ಸಾಕ್ಷಿ ಸಿಕ್ಕಿತು. ಕಾಡುಪಾಪದ ಕವಲು ವಿಟಮಿನ್ ಸಿ ಅನ್ನು ಮೈಯಲ್ಲೇ ಮಾಡಿಕೊಳ್ಳುತ್ತದೆ. ಟಾರ್ಸಿಯರ್, ಮಂಗ, ನಾವು, ಯಾರಿಗೂ ಅದು ಬರುವುದಿಲ್ಲ. ನೀವು ನೆಲ್ಲಿಕಾಯಿ ತಿನ್ನು ಎಂದು ಬೆನ್ನು ಹತ್ತುವುದಕ್ಕೆ ಇಷ್ಟು ಹಳೆಯ ಕಾರಣ ಇದೆ ನೋಡಿ.

ಪುಟ್ಟಿ ಕೇಳಿದ್ದಕ್ಕೂ ಹೇಳಿಬಿಡಿ. ಚಿಂಪಾಂಜಿ ನಮ್ಮ ಅಜ್ಜ ಅಲ್ಲ. ಸುಮಾರು 60–70 ಲಕ್ಷ ವರ್ಷದ ಹಿಂದೆ ಅದರ ಹಿರಿಯರು, ನಮ್ಮ ಹಿರಿಯರು ಒಂದೇ ಮನೆಯಲ್ಲಿದ್ದರು. ಗೊರಿಲ್ಲಾ ಅದಕ್ಕೂ ಮೊದಲೇ ಬೇರೆಯಾಗಿತ್ತು. ಅಂದರೆ ಚಿಂಪಾಂಜಿಗೆ ಗೊರಿಲ್ಲಾಗಿಂತ ನಾವೇ ಹತ್ತಿರ. ಇದನ್ನು ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ.

ಅಪ್ಪ, ಇನ್ನೊಮ್ಮೆ ಕಾಡಿನ ಕಡೆ ಹೋದಾಗ ಸಿಂಗಳೀಕ ಹಣ್ಣು ತಿನ್ನುತ್ತಿದ್ದರೆ ದೂರದಿಂದಲೇ ಕೆನ್ನೆ ನೋಡಿ. ಮಂಗನ ಹಾಗೆ ಅದಕ್ಕೂ ಚೀಲ ಇದೆ. ನೋಡಿದ್ದನ್ನು ನನಗೆ ಬರೆಯಿರಿ.

ನಿಮ್ಮ ಮಗಳು